ಕುತ್ತಿಗೆಯ ಶಸ್ತ್ರಚಿಕಿತ್ಸೆಯ ನಂತರದ ನಡಿಗೆ: ಅಪ್ಪನಿಗೊಂದು ಪತ್ರ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ವಿಡಿಯೊ ಕರೆಯಲ್ಲಿ ನಾನು ಗೋಡೆ ಹಿಡಿದು ನಡೆಯುವುದನ್ನು ನೋಡಿ ಅಮ್ಮ ಕಣ್ಣೀರಿಟ್ಟಳೆಂದೂ, ಆಪರೇಷನ್ ಆಗಿ ಇಷ್ಟು ಕಾಲವಾದರೂ ಜೋಲಿ ಹೊಡೆಯುವುದು ನಿಂತಿಲ್ಲವೆಂದರೆ ಅದು ಫಲಿಸಲಿಲ್ಲವೇ ಎಂದು ನೀವು ಕೊರಗುತ್ತಿದ್ದೀರೆಂದೂ ತಂಗಿ ತಿಳಿಸಿದಳು. ಫೋನಿನಲ್ಲಿ ಈ ಮಾತು ಎತ್ತಿದರೆ ಅರ್ಧದಲ್ಲೇ ಬೇರೆ ಕಡೆಗೆ ಹೊರಳುತ್ತದೆ. ಆದ್ದರಿಂದ ಸಾವಧಾನವಾಗಿ ಕುಳಿತು ಬರೆಯುತ್ತಿದ್ದೇನೆ.

ಆಪರೇಷನ್ ವಿಫಲವಾಗಿಲ್ಲ. ಕುತ್ತಿಗೆಯ ಏಳು ಮೂಳೆಗಳ ಒಳಗಿನ ಕಾಲುವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ನನ್ನಲ್ಲಿ ಎರಡು ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಹಿಂದಕ್ಕೆ ಉಬ್ಬಿ, ಮೂಳೆಯ ಅಂಚುಗಳು ಬೆಳೆದು, ಆ ಕಾಲುವೆ ಕಿರಿದಾಗಿ ಹುರಿಯೇ ಅದುಮಿಕೊಂಡಿತ್ತು. ವೈದ್ಯರು ಕುತ್ತಿಗೆಯ ಮುಂಭಾಗದಿಂದ ಹೋಗಿ, ಶ್ವಾಸನಾಳ ಅನ್ನನಾಳಗಳನ್ನು ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕನ್ನೂ ಬೆಳೆದ ಮೂಳೆಯನ್ನೂ ತೆಗೆದು, ಆ ಜಾಗದಲ್ಲಿ ಎರಡು ಮೂಳೆಗಳು ಕೂಡಿಕೊಳ್ಳುವಂತೆ ಆಧಾರವಿಟ್ಟು ಲೋಹದ ಪಟ್ಟಿಯಿಂದ ಬಿಗಿದಿದ್ದಾರೆ. 1950ರ ದಶಕದಿಂದ ರೂಢಿಯಲ್ಲಿರುವ ವಿಧಾನವಿದು. ಮೊದಲ ದಿನಗಳಲ್ಲಿ ನುಂಗಲು ಕಷ್ಟವಾಗಿ ದನಿ ಒಡೆದಿದ್ದುದು ಆ ಸರಿಸುವಿಕೆಯಿಂದ. ಅದೆಲ್ಲ ಈಗ ಹೋಗಿದೆ. ಸಹಿ ಹಾಕಿಸಿಕೊಳ್ಳುವ ಮೊದಲೇ ಅವರು ಸ್ಪಷ್ಟವಾಗಿ ಹೇಳಿದ್ದರು: ಈ ಶಸ್ತ್ರಚಿಕಿತ್ಸೆಯ ಮೊದಲ ಉದ್ದೇಶ ಇನ್ನಷ್ಟು ಕೆಡದಂತೆ ತಡೆಯುವುದು, ಕಳೆದುಕೊಂಡದ್ದರಲ್ಲಿ ಎಷ್ಟು ಮರಳಿ ಬಂದೀತು ಎಂಬುದು ಹುರಿ ಎಷ್ಟು ಕಾಲ, ಎಷ್ಟು ಬಿಗಿಯಾಗಿ ಒತ್ತಿಸಿಕೊಂಡಿತ್ತು ಎಂಬುದರ ಮೇಲೆ ನಿಂತಿದೆ. ಒತ್ತಡ ತೆಗೆದ ಮಾತ್ರಕ್ಕೆ ನಲುಗಿದ ನರತಂತುಗಳು ಮರುದಿನವೇ ಚೇತರಿಸಿಕೊಳ್ಳುವುದಿಲ್ಲ. ಸುಧಾರಣೆಯ ಹೆಚ್ಚಿನ ಪಾಲು ಸಾಮಾನ್ಯವಾಗಿ ಮೊದಲ 6 ತಿಂಗಳಿಂದ ಒಂದು ವರ್ಷದೊಳಗೆ ಕಾಣಿಸುತ್ತದೆ, ಆಮೇಲೂ ಸ್ವಲ್ಪ ಸ್ವಲ್ಪ ಮುಂದುವರಿಯಬಹುದು. ಅಂಗಿಯ ಗುಂಡಿ ಹಾಕಿಕೊಳ್ಳಲು ಪರದಾಡುತ್ತಿದ್ದ ಬೆರಳುಗಳು ಈಗ ಸಲೀಸಾಗಿ ಆ ಕೆಲಸ ಮಾಡುತ್ತಿವೆ. ಕಾಲು ಹಿಂದುಳಿದಿದೆ, ಅಷ್ಟೇ.

ನಿಮಗೆ ಹೆಚ್ಚು ಗಾಬರಿ ಹುಟ್ಟಿಸಿರುವುದು ಈ ತೂರಾಟವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಲೆಸುತ್ತಲ್ಲ. ತಲೆ ತಿಳಿಯಾಗಿದೆ, ಕಣ್ಣೆದುರಿನ ಕೋಣೆ ತಿರುಗುವುದಿಲ್ಲ. ಆದ್ದರಿಂದ ಚಿಕ್ಕಪ್ಪ ಹೇಳಿದ ತಲೆಸುತ್ತಿನ ಮಾತ್ರೆಯಿಂದ ಇದಕ್ಕೆ ಪ್ರಯೋಜನವಿಲ್ಲ. ಮನುಷ್ಯ ಆಯ ತಪ್ಪದೆ ನಿಲ್ಲಬೇಕಾದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಮುಟ್ಟುತ್ತಿರಬೇಕು: ಕಣ್ಣಿನಿಂದ, ಒಳಕಿವಿಯಿಂದ, ಮತ್ತು ಪಾದ, ಕೀಲು, ಸ್ನಾಯುಗಳಿಂದ. ಈ ಮೂರನೆಯದು ಬೆನ್ನುಹುರಿಯ ಹಿಂಭಾಗದ ಎಳೆಗಳ ಮೂಲಕ ಕುತ್ತಿಗೆಯನ್ನು ದಾಟಿಯೇ ಮೇಲೇರಬೇಕು. ನನ್ನ ಕಣ್ಣೂ ಕಿವಿಯೂ ಸರಿಯಾಗಿವೆ. ಪಾದ ಎಲ್ಲಿದೆ, ಎಷ್ಟು ಬಾಗಿದೆ ಎಂಬ ವರದಿ ಮಾತ್ರ ತಡವಾಗಿ, ಮಸುಕಾಗಿ ತಲುಪುತ್ತಿದೆ. ಮೇಲಿನಿಂದ ಕಾಲಿಗೆ ಇಳಿಯುವ ಆಜ್ಞೆಯ ದಾರಿಯೂ ಅಲ್ಲಿಯೇ ಇರುವುದರಿಂದ ಮಂಡಿ ಸೆಡೆತುಕೊಂಡು ಹೆಬ್ಬೆರಳು ನೆಲಕ್ಕೆ ತಗಲುವುದೂ ಉಂಟು.

ಇದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಮುಖ ತೊಳೆಯುವಾಗ. ಸೋಪು ಹಚ್ಚಿ ಕಣ್ಣು ಮುಚ್ಚಿ ಬಾಗಿದ ಕ್ಷಣಕ್ಕೆ ದೇಹ ಮುಂದಕ್ಕೆ ವಾಲುತ್ತದೆ, ಮತ್ತು ವಾಲಿದ್ದು ನನಗೆ ತಿಳಿಯುವುದು ಹೊಟ್ಟೆ ವಾಷ್‌ಬೇಸಿನ್ನಿನ ಅಂಚಿಗೆ ತಾಗಿದಾಗಲೇ. ಹೀಗಾಗಿ ಒಂದು ಕೈ ಬೇಸಿನ್ ಹಿಡಿದಿರುತ್ತದೆ, ಇನ್ನೊಂದು ಮುಖ ತೊಳೆಯುತ್ತದೆ. ವೈದ್ಯರು ಪಾದಗಳನ್ನು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುವ ಪರೀಕ್ಷೆಯೂ ಇದೇ ತತ್ತ್ವದ್ದು. 19ನೇ ಶತಮಾನದ ಜರ್ಮನ್ ವೈದ್ಯ ಮೋರಿಟ್ಸ್ ರೋಂಬರ್ಗ್ ಅವರ ಹೆಸರು ಅದಕ್ಕಿದೆ. ಸ್ಕ್ಯಾನರ್‌ಗಳ ಈ ಕಾಲದಲ್ಲೂ ಯಾವ ಯಂತ್ರವೂ ಬೇಡದ ಆ ಪರೀಕ್ಷೆಯನ್ನು ಬಿಟ್ಟಿಲ್ಲವೆಂಬುದು ನನಗೆ ಒಂದು ಬಗೆಯ ಸಮಾಧಾನ.

ಫಿಸಿಯೋಥೆರಪಿಯಲ್ಲಿ ಮಾಡಿಸುವ ಕೆಲಸ ನೋಡಲು ಮಕ್ಕಳಾಟದಂತಿದೆ, ಮಾಡಿದಾಗ ಬೆವರು ಇಳಿಯುತ್ತದೆ. ಕೋಣೆಯ ಮೂಲೆಗೆ ಬೆನ್ನು ಮಾಡಿ, ಮುಂದೆ ಕುರ್ಚಿಯಿಟ್ಟುಕೊಂಡು, ಮೊದಲು ಗಟ್ಟಿ ನೆಲದ ಮೇಲೆ, ಆಮೇಲೆ ಸ್ಪಂಜಿನ ದಪ್ಪ ಹಾಸಿನ ಮೇಲೆ ನಿಲ್ಲಬೇಕು. ಅದು ಸಾಧಿಸಿದ ಮೇಲೆ ಕಣ್ಣು ಮುಚ್ಚಬೇಕು. ನೆಲದ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ನಡೆಯಬೇಕು. ಕುರ್ಚಿಯಿಂದ ಕೈಯೂರದೆ ಏಳುವುದು, ನೆಲದಲ್ಲಿ ಬಿದ್ದ ವಸ್ತುವನ್ನು ಎತ್ತುವುದು, ನಿಂತಲ್ಲೇ ಒಂದು ಸುತ್ತು ತಿರುಗುವುದು ಇಂಥ 14 ಕೆಲಸಗಳಿಗೆ ತಲಾ ನಾಲ್ಕರಂತೆ ಒಟ್ಟು 56 ಅಂಕ ಕೊಟ್ಟು ದೇಹದ ಸಮತೋಲನವನ್ನು ಅಳೆಯುವ ಬರ್ಗ್ ಮಾಪನವೊಂದಿದೆ. ನನ್ನ ಅಂಕ ಪ್ರತಿ ಸಲವೂ ಏರುತ್ತಿದೆ, ಒಂದು ಕಾಲಿನ ಮೇಲೆ ನಿಲ್ಲುವಲ್ಲಿ ಮಾತ್ರ ಇನ್ನೂ ಸೋಲುತ್ತೇನೆ. ಇಷ್ಟರಲ್ಲಿ ನನಗೆ ಬಹಳ ಬೆಲೆಯುಳ್ಳದ್ದೆನಿಸಿದ ಸೂಚನೆ ಬೇರೆಯೇ ಒಂದು. ಪಾದ ನೋಡಿಕೊಂಡು ನಡೆಯಬೇಡಿ ಎಂದು ಅಲ್ಲಿಯವರು ಬೆನ್ನು ಬಿಡದೆ ಹೇಳುತ್ತಾರೆ. ಕಣ್ಣು ಎಲ್ಲ ಹೊಣೆಯನ್ನೂ ಹೊತ್ತುಕೊಂಡರೆ ಪಾದದಿಂದ ಬರುವ ಕ್ಷೀಣ ಸಂದೇಶವನ್ನು ಓದುವ ಅಭ್ಯಾಸ ಮಿದುಳಿಗೆ ಆಗುವುದೇ ಇಲ್ಲ. ಹಿಡಿದುಕೊಳ್ಳಲು ಆಸರೆ ಇರುವ ಕಡೆ ನಾನು ಇದನ್ನು ಪಾಲಿಸುತ್ತೇನೆ, ಬೀದಿಯಲ್ಲಿ ಊರುಗೋಲಿದೆ. ನೀವು ಕರೆಯಲ್ಲಿ ನೋಡಿದ್ದು ದಿನವಿಡೀ ದುಡಿದು ದಣಿದ ಸಂಜೆಯ ನಡಿಗೆ. ದಣಿವಾದಾಗ ತೂರಾಟ ಹೆಚ್ಚುತ್ತದೆ, ಬೆಳಿಗ್ಗೆ ಕಂಡಿದ್ದರೆ ಅಮ್ಮ ಅಳುತ್ತಿರಲಿಲ್ಲ.

ಕುತ್ತಿಗೆ ನೀವಿಸುವ, ನೆಟಿಕೆ ತೆಗೆಸುವ ಸಲಹೆಗಳನ್ನು ದಯವಿಟ್ಟು ಯಾರಿಂದಲೂ ಸ್ವೀಕರಿಸಬೇಡಿ. ಮೂಳೆ ಕೂಡಿಕೊಳ್ಳುತ್ತಿರುವಾಗ ಅದು ಅಪಾಯ. ಕೈಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ, ಮರಗಟ್ಟುವಿಕೆ ಹಬ್ಬಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಬರಬೇಕೆಂದು ನನಗೆ ಹೇಳಿದ್ದಾರೆ. ಇವುಗಳಲ್ಲಿ ಯಾವುದೂ ಇಲ್ಲ.

ಮುಂದಿನ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದೆಯೆಂದು ಕಂಡರೆ ಪ್ರಯಾಣಕ್ಕೆ ಒಪ್ಪಿಗೆ ಕೇಳುತ್ತೇನೆ. ಅಷ್ಟರೊಳಗೆ ನನ್ನ ಕೋಣೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ರಾತ್ರಿ ಉರಿಯುವ ಒಂದು ಸಣ್ಣ ದೀಪ ಹಾಕಿಸಿ. ಕತ್ತಲಲ್ಲಿ ಕಣ್ಣಿನ ಆಸರೆಯೂ ತಪ್ಪುವುದರಿಂದ ನನಗೆ ಅದು ಅಗತ್ಯ. ಜಾರುವ ಕಾಲೊರೆಸುಗಳನ್ನು ಎತ್ತಿಡಲು ತಂಗಿಗೆ ತಿಳಿಸಿ. ನಾನು ನಡೆಯುವಾಗ ಅಕ್ಕರೆಯಿಂದ ಯಾರೂ ಏಕಾಏಕಿ ತೋಳು ಹಿಡಿದು ಎಳೆಯುವುದು ಬೇಡ. ಪಕ್ಕದಲ್ಲಿ ನಡೆದರೆ ಸಾಕು, ಬೇಕಾದಾಗ ನಾನೇ ಹಿಡಿದುಕೊಳ್ಳುತ್ತೇನೆ. ಅಮ್ಮನಿಗೆ ಈ ಪತ್ರವನ್ನು ನೀವೇ ಓದಿ ಹೇಳಿ.

ಇಂತಿ ತಮ್ಮ ಆಶೀರ್ವಾದ ಬೇಡುವ,
ನಿಮ್ಮ ಮಗ