ಗಜನಿಯ ಉಪ್ಪು ಮತ್ತು ಪಾಚಿಯ ಪುಡಿ

ಪಣಜಿ, ಗೋವಾ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಫೋನಿನಲ್ಲಿ ನೀವು ಕೇಳಿದ್ದಕ್ಕೆ ಅವಸರದಲ್ಲಿ ಉತ್ತರಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ. ಕಟ್ಟೆ ಒಡೆದು ಉಪ್ಪುನೀರು ನುಗ್ಗಿದ ನಮ್ಮ ಗಜನಿ ಗದ್ದೆಗೆ ನೀಲಿ ಹಸಿರು ಪಾಚಿಯ ಪುಡಿ ಎರಚಿದರೆ ಅದು ಉಪ್ಪನ್ನೆಲ್ಲ ತಿಂದುಬಿಡುತ್ತದೆ ಎಂದು ಮಾರಲು ಬಂದವನು ಹೇಳಿದನಂತೆ. ಅಪ್ಪ, ಅದು ಉಪ್ಪು ತಿನ್ನುವುದಿಲ್ಲ. ಉಪ್ಪನ್ನು ಒಳಗೆ ಬಿಟ್ಟುಕೊಳ್ಳದೆ ಬದುಕುವುದೇ ಅದರ ವಿದ್ಯೆ.

ಆಯಿ ಮಾವಿನಮಿಡಿಗೆ ಉಪ್ಪು ಬೆರೆಸಿಟ್ಟಾಗ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದಲ್ಲ, ಉಪ್ಪುನೀರಿಗೆ ಬಿದ್ದ ಜೀವಕೋಶಕ್ಕೂ ಅದೇ ಗತಿ. ಅದನ್ನು ತಪ್ಪಿಸಿಕೊಳ್ಳಲು ಈ ಪಾಚಿಗಳು ಒಳನುಗ್ಗುವ ಉಪ್ಪಿನ ಸೋಡಿಯಂ ಅನ್ನು ಹೊರಕ್ಕೆ ತಳ್ಳುತ್ತವೆ. ಜೊತೆಗೆ ನೀರನ್ನು ಹಿಡಿದಿಡುವ ವಸ್ತುಗಳನ್ನು ಒಳಗೇ ತಯಾರಿಸಿಕೊಳ್ಳುತ್ತವೆ. ಸಿಹಿನೀರಿನ ಜಾತಿಗಳು ಹೆಚ್ಚಾಗಿ ಸಕ್ಕರೆಗಳನ್ನು, ಕಡು ಉಪ್ಪಿನಲ್ಲಿರುವವು ಗ್ಲೈಸೀನ್ ಬೀಟೈನ್ ಎಂಬುದನ್ನು. ಉಪ್ಪಿನ ಆಗರಗಳಲ್ಲಿ ಸಿಗುವ ಡುನಾಲಿಯೆಲ್ಲಾ ಎಂಬ ಸೂಕ್ಷ್ಮಪಾಚಿ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಅದಕ್ಕೆ ಗಟ್ಟಿ ಕೋಶಭಿತ್ತಿಯೇ ಇಲ್ಲ. ಅದಿದ್ದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಾಜಿನ ಅಂಚಿನಿಂದ ಸಿಹಿನೀರು ಬಿಟ್ಟು ನೋಡಿದೆ. ಚಾಟಿಯಂಥ ಎರಡೆರಡು ಕಶಾಂಗ ಬೀಸುತ್ತ ಈಜುತ್ತಿದ್ದ ಕೋಶಗಳು ಕಣ್ಣೆದುರೇ ಉಬ್ಬಿ ದುಂಡಗಾದವು. ಹೆಚ್ಚಾದ ಗ್ಲಿಸರಾಲನ್ನು ಕಳೆದುಕೊಂಡು ಅವು ಮೊದಲಿನ ಗಾತ್ರಕ್ಕೆ ಮರಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ಕಡಿಮೆಯಾಗುವುದಿಲ್ಲ.

ಬರಗಾಲಕ್ಕೂ ಇಂಥದೇ ಸಿದ್ಧತೆ. ಬೇಸಿಗೆಯ ಬಯಲಿನಲ್ಲಿ ಕರಿ ಹಕ್ಕಳೆಯಾಗಿ ಒಣಗಿ ಬಿದ್ದಿರುವ ನಾಸ್ಟಾಕ್ ಎಂಬ ನೀಲಿ ಹಸಿರು ಪಾಚಿ, ಮಳೆ ಬಿದ್ದೊಡನೆ ಲೋಳೆಯಾಗಿ ಉಬ್ಬುತ್ತದೆ. ಆ ಲೋಳೆ ಕೋಶಗಳನ್ನು ಕಾಯುತ್ತದೆ, ಟ್ರೆಹಲೋಸ್ ಎಂಬ ಸಕ್ಕರೆಯೂ ಒತ್ತಾಸೆಯಾಗುತ್ತದೆ. ನೆನೆದ ಮೇಲೆ ಮೊದಲು ಉಸಿರಾಟ ಶುರುವಾಗುತ್ತದೆ, ಆಮೇಲೆ ದ್ಯುತಿಸಂಶ್ಲೇಷಣೆ, ಎಲ್ಲಕ್ಕಿಂತ ತಡವಾಗಿ ಸಾರಜನಕ ಸ್ಥಿರೀಕರಣ, ಅಂದರೆ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುವ ಕೆಲಸ.

ಮಾರುವವನ ಮಾತು ಪೂರ್ತಿ ಬುಡವಿಲ್ಲದ್ದಲ್ಲ. ಬನಾರಸದ ಆರ್. ಎನ್. ಸಿಂಗ್ ಅವರು 1950ರಲ್ಲೇ ಚೌಳು ನೆಲವನ್ನು ಈ ಪಾಚಿಯಿಂದ ಸುಧಾರಿಸುವ ಬಗ್ಗೆ ಬರೆದಿದ್ದರು. ಆದರೆ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅನಬೀನಾ ಟೊರುಲೋಸಾ ಎಂಬ ನೀಲಿ ಹಸಿರು ಪಾಚಿಯ ಜಾತಿಯನ್ನು ಕರಾವಳಿಯ ಉಪ್ಪು ಮಣ್ಣಿಗಾಗಿಯೇ ಪರೀಕ್ಷಿಸಿ, ಪಾಚಿ ಸತ್ತು ಕೊಳೆತರೆ ಅದು ಹಿಡಿದಿದ್ದ ಸೋಡಿಯಂ ಮಣ್ಣಿಗೇ ಮರಳುತ್ತದೆ ಎಂದು 1997ರಲ್ಲಿ ಪ್ರಕಟಿಸಿದರು. ಬೆಳೆಯ ಜೊತೆಜೊತೆಗೇ ಬೆಳೆಸಿದರೆ ಪ್ರಯೋಜನವಿದೆ, ಸಾರಜನಕವೂ ಸಿಗುತ್ತದೆ ಎಂಬುದು ಅವರ ಅಭಿಪ್ರಾಯ.

ಆದ್ದರಿಂದ ಮೊದಲು ಕಟ್ಟೆ ಮತ್ತು ತೂಬಿನ ಬಾಗಿಲು ಸರಿಯಾಗಲಿ. ನಮ್ಮ ಗಜನಿಯಂಥದೇ ಇಲ್ಲಿಯ ಖಜಾನ್ ಗದ್ದೆಗಳಲ್ಲಿ ಕೊರ್ಗುಟ್ ಭತ್ತ ಬೆಳೆಯುವವರೂ ಉಪ್ಪು ತೊಳೆಯಲು ಮುಂಗಾರನ್ನೇ ನಂಬಿದ್ದಾರೆ. ಈ ವರ್ಷವೂ ಉಪ್ಪು ತಾಳುವ ನಮ್ಮ ಕಗ್ಗ ಭತ್ತವನ್ನೇ ಬಿತ್ತಿ. ಪುಡಿಗೆ ಮುಂಗಡ ಕೊಡಬೇಡಿ. ಗದ್ದೆಯ ಮೂರು ನಾಲ್ಕು ಕಡೆಯ ಮೇಲ್ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಊರಿನಿಂದ ಬರುವವರ ಕೈಯಲ್ಲಿ ಕಳುಹಿಸಿ. ಅಲ್ಲಿ ಈಗಾಗಲೇ ಯಾವ ಪಾಚಿ ಇದೆ ಎಂದು ನೋಡಿ ಹೇಳುತ್ತೇನೆ.

ಆಯಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು