ಹದಿನಾಲ್ಕು ಸಂಪುಟವನ್ನೂ ಮುಗಿಸಲೇಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಹುಡುಗರಿಗೆ ಯಾವ ಪುಸ್ತಕ ಕೊಡಿಸಬೇಕು ಎಂಬ ಪಟ್ಟಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಇಂಗ್ಲಿಷಿನ ದೊಡ್ಡ ದೊಡ್ಡ ಫ್ಯಾಂಟಸಿ ಸರಣಿಗಳಿಗೂ ಈಗ ಅವುಗಳಲ್ಲಿ ಜಾಗವಿದೆ. ಎಲ್ಲಿಂದ ಶುರು ಮಾಡಬೇಕೆಂದು ಎಲ್ಲರೂ ಬರೆಯುತ್ತಾರೆ. ಎಲ್ಲಿ ಬಿಡಬಹುದು ಎಂದು ಯಾರೂ ಬರೆಯುವುದಿಲ್ಲ. ಬಿಡುವವರು ಎಷ್ಟು ಜನ ಎನ್ನುವುದಕ್ಕೆ ಹಳೇ ಪುಸ್ತಕಗಳ ರಾಶಿಯೇ ಸಾಕ್ಷಿ. ಮೊದಲ ಸಂಪುಟದ ಬೆನ್ನು ಮಡಿಕೆ ಬಿದ್ದು ಬೆಳ್ಳಗಾಗಿರುತ್ತದೆ, ಎರಡನೆಯದೂ ಹಾಗೇ. ನಾಲ್ಕನೆಯದೋ ಐದನೆಯದೋ ಕೈಗೆ ಬಂದಾಗ ಮುಂದಿನ ರಟ್ಟಿನ ಕಡೆಗೆ ಮಾತ್ರ ಎರಡು ಗೆರೆ, ಉಳಿದ ಬೆನ್ನೆಲ್ಲ ಅಂಗಡಿಯಿಂದ ತಂದ ದಿನದಷ್ಟೇ ನುಣುಪು. ಓದು ಎಲ್ಲಿ ನಿಂತಿತೆಂದು ಪುಸ್ತಕ ತೆರೆಯದೆಯೇ ತಿಳಿಯುತ್ತದೆ.

ಬಿಟ್ಟದ್ದು ತಪ್ಪಲ್ಲ. ಆದರೆ ಬಿಟ್ಟ ಹುಡುಗರು ತಮ್ಮಿಂದ ಆಗಲಿಲ್ಲ ಎಂದುಕೊಂಡು ಮುಂದೆ ದಪ್ಪ ಪುಸ್ತಕವನ್ನೇ ಮುಟ್ಟುವುದಿಲ್ಲ. ನಮಗೆ ಸಂಕಟವಾಗುವುದು ಅದಕ್ಕೆ.

ಮೊದಲು ಲೆಕ್ಕ ನೋಡೋಣ. ರಾಬರ್ಟ್ ಜೋರ್ಡನ್ ಶುರು ಮಾಡಿದ ‘ದಿ ವೀಲ್ ಆಫ್ ಟೈಮ್’ 14 ಸಂಪುಟಗಳ ಸರಣಿ. 1990ರಲ್ಲಿ ಆರಂಭವಾಗಿ 2013ರಲ್ಲಿ ಮುಗಿಯಿತು. ಪೂರ್ವಕಥೆಯ ಒಂದು ಪುಸ್ತಕವನ್ನೂ ಸೇರಿಸಿದರೆ ಸುಮಾರು 44 ಲಕ್ಷ ಪದ. ನಿಮಿಷಕ್ಕೆ 220 ಪದ ಓದುವವರಿಗೆ ಇದು 333 ಗಂಟೆಯ ಕೆಲಸ. ದಿನಕ್ಕೊಂದು ಗಂಟೆ ತಪ್ಪದೆ ಕೂತರೆ ಹನ್ನೊಂದು ತಿಂಗಳು. ಕನ್ನಡ ಮಾಧ್ಯಮದಲ್ಲಿ ಕಲಿತು, ಇಂಗ್ಲಿಷನ್ನು ನಿಮಿಷಕ್ಕೆ 150 ಪದದಂತೆ ಓದುವ ಹುಡುಗನಿಗೆ 490 ಗಂಟೆ, ಅಂದರೆ ಹದಿನಾರು ತಿಂಗಳು. ಇಷ್ಟನ್ನೂ ಒಂದು ಬೇಸಿಗೆ ರಜೆಯ ಹೆಸರಿನಲ್ಲಿ, ಒಟ್ಟಿಗೆ ಕೊಂಡರೆ ಅಗ್ಗವೆಂದು ಡಬ್ಬಿಯ ಸಮೇತ ತಂದುಕೊಡುವುದು ಸರಿಯಲ್ಲ. ಒಂದನೆಯ ಸಂಪುಟ ಮಾತ್ರ ತನ್ನಿ. ಅದರ ಮುಕ್ಕಾಲು ಭಾಗ ಮುಗಿದ ಮೇಲೆ ಎರಡನೆಯದು.

ನಡುವಿನ ಸಂಪುಟಗಳಲ್ಲಿ ಕಥೆ ಜಗ್ಗುವುದಕ್ಕೆ ಓದುಗರ ಸೋಮಾರಿತನ ಕಾರಣವಲ್ಲ. ಒಂದೇ ಊರಿಂದ ಹೊರಟ ಐದಾರು ಮಂದಿ ಮೂರನೆಯ ಸಂಪುಟದ ಹೊತ್ತಿಗೆ ಐದಾರು ದಿಕ್ಕಿಗೆ ಹೋಗಿರುತ್ತಾರೆ. ಪ್ರತಿಯೊಬ್ಬರಿಗೂ ಹೊಸ ಪರಿವಾರ, ಹೊಸ ವೈರಿ. ಎಂಟುನೂರು ಪುಟವನ್ನು ಅಷ್ಟು ಜನಕ್ಕೆ ಹಂಚಿದರೆ ಒಂದು ಸಂಪುಟಕ್ಕೆ ಒಬ್ಬೊಬ್ಬರ ಕಥೆ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ. ‘ವೀಲ್ ಆಫ್ ಟೈಮ್’ನ 2003ರ ಹತ್ತನೆಯ ಸಂಪುಟ ಇದಕ್ಕೆ ಸರಿಯಾದ ಉದಾಹರಣೆ. ಒಂಬತ್ತನೆಯದರ ಕೊನೆಗೆ ಒಂದು ಮಹಾಘಟನೆ ನಡೆಯುತ್ತದೆ. ಹತ್ತನೆಯದರ ಬಹುಭಾಗ ಅದೇ ಹೊತ್ತಿಗೆ ಹಿಂದಿರುಗಿ, ಆಗ ಬೇರೆಯವರೆಲ್ಲ ಎಲ್ಲೆಲ್ಲಿದ್ದರು ಎಂದು ಹೇಳುತ್ತ ಕೂರುತ್ತದೆ. ಓದುಗ ಮುಂದೆ ಹೋದಂತೆ ಅನಿಸುವುದೇ ಇಲ್ಲ. ಒಂಬತ್ತರವರೆಗೆ ಪ್ರೀತಿಯಿಂದ ಬಂದವರು ಹತ್ತನೆಯದರ ಸಾರಾಂಶ ಓದಿ ನೇರ ಹನ್ನೊಂದಕ್ಕೆ ಹೋಗಲಿ, ಅಲ್ಲಿ ಕಥೆ ಮತ್ತೆ ಓಡತೊಡಗುತ್ತದೆ.

ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ನ ತೊಡಕು ಬೇರೆ. ಮೊದಲ ಮೂರು ಸಂಪುಟ 1996, 1998, 2000ರಲ್ಲಿ ಬಂದವು. ಆಮೇಲಿನ ಭಾಗ ಹಿಡಿಸಲಾರದಷ್ಟು ಬೆಳೆದು ಎರಡಾಯಿತು. ಒಡೆದದ್ದು ಕಾಲದ ಮೇಲಲ್ಲ, ಜಾಗದ ಮೇಲೆ. ಹಾಗಾಗಿ 2005ರ ನಾಲ್ಕನೆಯದರಲ್ಲಿ ಅರ್ಧ ಜನ, 2011ರ ಐದನೆಯದರಲ್ಲಿ ಉಳಿದ ಅರ್ಧ, ಹೆಚ್ಚುಕಡಿಮೆ ಅದೇ ಕಾಲ. ಮೆಚ್ಚಿನ ಪಾತ್ರ ಇಡೀ ನಾಲ್ಕನೆಯ ಸಂಪುಟದಲ್ಲಿ ಕಾಣದೇ ಹೋದರೆ ಗಾಬರಿಯಾಗಬೇಡಿ. ಆರನೆಯದು ಇನ್ನೂ ಬಂದಿಲ್ಲ. ಈ ಸರಣಿಯನ್ನು ಬಿಡುವುದಾದರೆ ಮೂರನೆಯದರ ಕೊನೆ ಒಳ್ಳೆಯ ಜಾಗ, ಅಲ್ಲಿಯವರೆಗೆ ಹೂಡಿದ್ದ ಎಷ್ಟೋ ಗಂಟುಗಳು ಅಷ್ಟರಲ್ಲಿ ಬಿಚ್ಚಿರುತ್ತವೆ. (ಟಿವಿಯಲ್ಲಿ ಹೆಸರಾಯಿತೆಂದು ಇದನ್ನು ಹೈಸ್ಕೂಲು ಮಕ್ಕಳಿಗೆ ಕೊಡಬೇಡಿ, ಅದರೊಳಗಿನ ಕ್ರೌರ್ಯ ಆ ವಯಸ್ಸಿಗಲ್ಲ.)

ಸ್ಟೀವನ್ ಎರಿಕ್ಸನ್ ಅವರ ಹತ್ತು ಸಂಪುಟಗಳ ‘ಮಲಜಾನ್’ ಸರಣಿಯನ್ನು ಬಿಡುವವರು ಸಾಮಾನ್ಯವಾಗಿ ಎರಡು ಕಡೆ ಬಿಡುತ್ತಾರೆ. ಒಂದನೆಯದರಲ್ಲಿ, ಯಾಕೆಂದರೆ ಯಾರು ಯಾರೆಂದು ಲೇಖಕರು ಹೇಳುವುದೇ ಇಲ್ಲ. ಇನ್ನೊಂದು ಐದನೆಯದರಲ್ಲಿ, ಅಲ್ಲಿ ಖಂಡವೇ ಬೇರೆ, ಜನವೇ ಬೇರೆ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಹೊಸದಾಗಿ ಒಡ್ಡೋಲಗ, ಅಂದರೆ ಪಾತ್ರಗಳ ಮೊದಲ ಪ್ರವೇಶ, ಶುರುವಾದ ಹಾಗೆ. ಇದು ಮೊದಲೇ ಗೊತ್ತಿದ್ದರೆ ತಡೆದುಕೊಳ್ಳಬಹುದು.

ದಣಿವು ನಮ್ಮದೋ ಪುಸ್ತಕದ್ದೋ ಎಂದು ತಿಳಿಯಲು ಒಂದು ಉಪಾಯವಿದೆ. ಪುಸ್ತಕ ಮುಚ್ಚಿಟ್ಟು ಎರಡು ವಾರ ಬೇರೇನಾದರೂ ಓದಿ. ಆಮೇಲೆ ಒಂದು ಹಾಳೆಯಲ್ಲಿ ನೆನಪಿರುವ ಪಾತ್ರಗಳ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಆ ಪಾತ್ರಕ್ಕೆ ಈಗ ಏನು ಬೇಕಾಗಿದೆ ಎಂದು ಬರೆಯಿರಿ. ಹೆಸರು ನೆನಪಿದ್ದು ಆಸೆ ನೆನಪಿಲ್ಲದಿದ್ದರೆ ಪುಸ್ತಕ ಸಡಿಲವಾಗಿದೆ ಎಂದರ್ಥ, ಬಿಡಬಹುದು. ಆಸೆ ನೆನಪಿದ್ದು ಹೆಸರು ಮರೆತಿದ್ದರೆ ದಣಿವು ನಮ್ಮದು, ಕೊನೆಯ ಪುಟಗಳ ಪದಕೋಶವೋ ವಂಶಾವಳಿಯೋ ಸಾಕು, ಮುಂದುವರಿಸಿ.

ಪೂರ್ತಿ ಬಿಡುವ ಮೊದಲು ಒಬ್ಬರನ್ನೇ ಹಿಡಿದು ಓದಿ ನೋಡಬಹುದು. ‘ವೀಲ್ ಆಫ್ ಟೈಮ್’ನಲ್ಲಿ ಪ್ರತಿ ಅಧ್ಯಾಯದ ತಲೆಗೆ ಒಂದು ಪುಟ್ಟ ಚಿತ್ರವಿರುತ್ತದೆ. ತೋಳ ಕಂಡರೆ ಸಾಮಾನ್ಯವಾಗಿ ಪೆರಿನ್‌ನ ಕಥೆ, ದಾಳ ಕಂಡರೆ ಮ್ಯಾಟ್‌ನದು. ಮಾರ್ಟಿನ್ ಅವರಲ್ಲಿ ಅಧ್ಯಾಯದ ತಲೆಬರಹವೇ ಪಾತ್ರದ ಹೆಸರು. ಆದರೆ ನಾಲ್ಕನೆಯದರಿಂದ ಕೆಲವು ಕಡೆ ಹೆಸರು ಹೋಗಿ ಬಿರುದು ಬರುತ್ತದೆ, ಅಲ್ಲಿ ಮೊದಲ ಪುಟ ಓದಿಯೇ ಗುರುತಿಸಬೇಕು.

ಇಷ್ಟಕ್ಕೂ ಅರ್ಧಕ್ಕೆ ನಿಲ್ಲುವುದು ಕನ್ನಡದವರಿಗೆ ಹೊಸದೇ? ಗದುಗಿನ ನಾರಾಣಪ್ಪ ಹಾಡಿದ್ದು ಹತ್ತೇ ಪರ್ವ, ಗದಾಪರ್ವಕ್ಕೆ ಮುಗಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದದ್ದೂ ಇದೇ ಬಗೆಯ ಕೆಲಸ. ಹತ್ತು ಪರ್ವ ಕೇಳಿದವರನ್ನು ಅರ್ಧಕ್ಕೆ ಬಿಟ್ಟವರೆಂದು ಯಾರೂ ಅನ್ನುವುದಿಲ್ಲ. ಹೊನ್ನಾವರ, ಕುಮಟಾ, ಶಿರಸಿ ಕಡೆ ಯಕ್ಷಗಾನದ ಆಟಕ್ಕೆ ಹೋದವರು ‘ಗದಾಯುದ್ಧ’ ಒಂದನ್ನೇ ನೋಡಿ ಮಂಗಳ ಹಾಡಿದ ಮೇಲೆ ತೃಪ್ತಿಯಿಂದ ಮನೆಗೆ ಬರುತ್ತಾರೆ.

ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ಆಟ ನೋಡುವವರಿಗೆ ಹಿಂದುಮುಂದಿನ ಕಥೆ ಗೊತ್ತಿರುತ್ತದೆ, ಫ್ಯಾಂಟಸಿಯಲ್ಲಿ ಗೊತ್ತಿರುವುದಿಲ್ಲ. ಅದಕ್ಕೇ ಸಾರಾಂಶ ಬೇಕು. ಕುಮಾರವ್ಯಾಸ ಪ್ರತಿ ಸಂಧಿಯ ಮೊದಲಿಗೆ ‘ಸೂಚನೆ’ ಎಂದು ಆ ಸಂಧಿಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತಾನೆ. ಅದರಿಂದ ರಸ ಕೆಟ್ಟಿತೆಂದು ಯಾರೂ ದೂರಿಲ್ಲ. ಮುಗಿದ ಸರಣಿಯನ್ನು ಬಿಡುವವರು ಉಳಿದ ಸಂಪುಟಗಳ ಸಾರಾಂಶ ಓದಿ, ಕೊನೆಯದರ ಕೊನೆಯ ಮೂರು ನಾಲ್ಕು ಅಧ್ಯಾಯವನ್ನು ನಿಧಾನಕ್ಕೆ ಓದಲಿ ಎನ್ನುವುದು ನಮ್ಮ ಅಭಿಪ್ರಾಯ.

ತಮ್ಮಲ್ಲಿ ಒಂದು ವಿನಂತಿ. ಪುಸ್ತಕ ಪುಟದಲ್ಲಿ ಸರಣಿಯ ಪರಿಚಯ ಹಾಕುವಾಗ ಒಟ್ಟು ಎಷ್ಟು ಸಂಪುಟ, ಮುಗಿದಿದೆಯೋ ಇಲ್ಲವೋ, ಯಾವ ಸಂಪುಟದ ಕೊನೆಗೆ ನಿಲ್ಲಬಹುದು, ಈ ಮೂರನ್ನು ತಪ್ಪದೆ ಕೊಡಿ.

ಬಿಟ್ಟ ಪುಸ್ತಕಗಳನ್ನು ಅಟ್ಟಕ್ಕೆ ಹಾಕುವವರಲ್ಲೂ ಒಂದು ಮಾತು. ಘಟ್ಟದ ಮೇಲಿನ ಮಳೆಗೆ ಈ ಅಗ್ಗದ ಕಾಗದ ತೇವ ಹೀರಿ ಉಬ್ಬುತ್ತದೆ, ಅಂಟಿನ ಬೆನ್ನು ನಡುವೆ ಬಾಯಿಬಿಡುತ್ತದೆ, ಗೋಡೆಗೆ ತಾಗಿದ ಕಡೆ ಬೂಷ್ಟು ಹಿಡಿಯುತ್ತದೆ. ಮೇ ಮುಗಿಯುವುದರೊಳಗೆ ಊರಿನ ಗ್ರಂಥಾಲಯಕ್ಕೋ ಗೆಳೆಯರಿಗೋ ಕೊಟ್ಟುಬಿಡಿ. ಕೊಡುವಾಗ ಒಂದರಿಂದ ನಿಂತ ಸಂಪುಟದವರೆಗೆ ಒಟ್ಟಿಗೆ ದಾರ ಕಟ್ಟಿ ಕೊಡಿ, ಬಿಡಿ ಐದನೆಯದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನಿಂತ ಪುಟದಲ್ಲಿ ಒಂದು ಚೀಟಿ ಇಡಿ: ‘ಇಲ್ಲಿಯವರೆಗೆ ಓದಿದ್ದೇನೆ. ಅಣ್ಣ ಉತ್ತರದ ಕೋಟೆಯಲ್ಲಿದ್ದಾನೆ, ತಂಗಿ ಹಡಗು ಹತ್ತಿದ್ದಾಳೆ, ಕತ್ತಿ ಕಳೆದಿದೆ.’ ಮುಂದೆ ಓದುವವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ.

– ಕೆಲವು ಓದುಗರು, ಶಿರಸಿ