ಸ್ಕೋಪಿನ ಮೂರನೇ ತಿರುಪು

ಸಹಕಾರನಗರ, ಪುಣೆ

ಚಿ. ಸಮರ್ಥನಿಗೆ ಮಾವನ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ಜಿಂಕೆ ಬೇಟೆಗೆ ರೈಫಲ್ಲಿನ ಮೇಲೆ ಕೂರಿಸುವ ಸ್ಕೋಪ್ ಕೊಳ್ಳಬೇಕು, ಪ್ಯಾರಲಾಕ್ಸ್ ತಿರುಪು ಇರುವುದು ಬೇಕೋ ಬೇಡವೋ ಅಂತ ಕೇಳಿದ್ದೀಯ. ನಾನು ಜನ್ಮದಲ್ಲಿ ಒಂದು ಮೊಲ ಹೊಡೆದವನಲ್ಲ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಅಂದರೆ ಜೈಲು. ನಿಮ್ಮ ನ್ಯೂಜಿಲೆಂಡಿನ ಕತೆ ಬೇರೆ. ಮೂಲದಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಮೊಲೆಯೂಡುವ ಪ್ರಾಣಿಯೇ ಇಲ್ಲದಿದ್ದ ನಾಡದು. ಹೊರಗಿಂದ ತಂದು ಬಿಟ್ಟ ಜಿಂಕೆ ಕಾಡು ಮೇಯುತ್ತದೆ, ಸರ್ಕಾರವೇ ಪರ್ಮಿಟ್ ಕೊಡುತ್ತದೆ. ಇದನ್ನು ಧಾರವಾಡದಲ್ಲಿರುವ ನಿನ್ನ ಅಮ್ಮನಿಗೆ ನೀನೇ ಹೇಳು. ಅಕ್ಕನ ಎದುರು ನಾನು ಬಾಯಿ ಬಿಡುವವನಲ್ಲ.

ಆದರೆ ಪ್ಯಾರಲಾಕ್ಸ್ ನನಗೆ ಹಳೇ ಪರಿಚಯ. ಮೂವತ್ತು ವರ್ಷ ಥಿಯೋಡಲೈಟ್, ಲೆವೆಲ್ ಹೊತ್ತು ಸರ್ವೆ ಮಾಡಿದವನು. ನಿನ್ನ ಸ್ಕೋಪೂ ಅದೇ ಜಾತಿಯ ದುರ್ಬೀನು.

ನಮ್ಮ ಕಿಟಕಿಯಿಂದ ಪರ್ವತಿ ಗುಡ್ಡ ಕಾಣುತ್ತದೆ, ನೆನಪಿದೆಯಲ್ಲ? ಒಂದು ಕಣ್ಣು ಮುಚ್ಚಿ ಕಿಟಕಿ ಸರಳನ್ನು ದೇವಸ್ಥಾನದ ಶಿಖರಕ್ಕೆ ಹೊಂದಿಸು. ತಲೆ ಒಂಚೂರು ಸರಿಸಿದರೆ ಸಾಕು, ಸರಳು ಶಿಖರ ಬಿಟ್ಟು ಪಕ್ಕದ ಮರಕ್ಕೆ ಹೋಗುತ್ತದೆ. ಸರಳು ಶಿಖರದ ಮೇಲೇ ಇದ್ದಿದ್ದರೆ ಹಾಗೆ ಓಡುತ್ತಿರಲಿಲ್ಲ. ಈ ಓಟಕ್ಕೇ ಪ್ಯಾರಲಾಕ್ಸ್ ಅನ್ನುವುದು. ಸ್ಕೋಪಿನ ಕೊಳವೆಯೊಳಗೆ ಜಿಂಕೆಯ ಬಿಂಬ ಒಂದು ಕಡೆ ಬೀಳುತ್ತದೆ, ಗುರಿ ಹಿಡಿಯುವ ಕೂಡುಗೆರೆ, ಅಂದರೆ ಕ್ರಾಸ್‌ಹೇರ್, ಒಂದು ಕಡೆ ಕೂತಿರುತ್ತದೆ. ಎರಡೂ ಒಂದೇ ಜಾಗದಲ್ಲಿದ್ದರೆ ತಲೆ ಅಲುಗಿದರೂ ಚಿಂತೆಯಿಲ್ಲ. ಆದರೆ ಜಿಂಕೆ ಹತ್ತಿರ ಬಂದಂತೆ, ದೂರ ಹೋದಂತೆ ಬಿಂಬದ ಜಾಗ ಬದಲಾಗುತ್ತದೆ. ತಿರುಪಿಲ್ಲದ ಸ್ಕೋಪನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಹೊಂದಿಸಿರುತ್ತಾರೆ. ದೊಡ್ಡ ರೈಫಲ್ಲಿನದಕ್ಕೆ ಸಾಮಾನ್ಯವಾಗಿ 100 ಗಜ, ಸಣ್ಣ ಗುಂಡಿನ .22 ರೈಫಲ್ಲಿನದಕ್ಕೆ 50 ಗಜ. ಗುರಿ ಮೇಲೆ-ಕೆಳಗೆ, ಅಕ್ಕ-ಪಕ್ಕ ಸರಿಸುವ ಎರಡು ತಿರುಪು ಎಲ್ಲದರಲ್ಲೂ ಇರುತ್ತವೆ; ಎಡಗಡೆಯ ಈ ಮೂರನೇ ತಿರುಪು ಒಳಗಿನ ಲೆನ್ಸ್ ಸರಿಸಿ ಬಿಂಬವನ್ನು ಕ್ರಾಸ್‌ಹೇರಿನ ಮೇಲೆ ತಂದು ಕೂರಿಸುತ್ತದೆ. ಅದರ ಕೆಲಸ ಅಷ್ಟೇ.

ಇದರಿಂದ ಗುಂಡು ಎಷ್ಟು ತಪ್ಪಬಹುದು? ಮುಂದಿನ ಗಾಜು 40 ಮಿಲಿಮೀಟರ್ ಅಂದುಕೋ. 100 ಗಜಕ್ಕೆ ಹೊಂದಿಸಿದ ಸ್ಕೋಪಿನಲ್ಲಿ 200 ಗಜದ ಜಿಂಕೆ ನೋಡುತ್ತಿದ್ದೀಯ, ಕಣ್ಣು ಪೂರ್ತಿ ಅಂಚಿಗೆ ಹೋಗಿದೆ. ಆಗಲೂ ತಪ್ಪುವುದು 20 ಮಿಲಿಮೀಟರ್. 250 ಗಜಕ್ಕೆ 30. ಜಿಂಕೆಯ ಎದೆಯಲ್ಲಿ ನೀನು ಹೊಡೆಯಬೇಕಾದ ಜಾಗ ಊಟದ ಚಿಕ್ಕ ತಟ್ಟೆಯಷ್ಟು, ಹತ್ತಿರ ಹತ್ತಿರ 200 ಮಿಲಿಮೀಟರ್. ಉಸಿರಿನ ಏರಿಳಿತಕ್ಕೇ ಇದಕ್ಕಿಂತ ಜಾಸ್ತಿ ತಪ್ಪುತ್ತದೆ, ಅಲ್ವಾ?

ಈಗ ತಿರುಪಿನ ಸ್ಕೋಪ್ ತೆಗೆದುಕೋ. ಬೆಳಿಗ್ಗೆ ದಟ್ಟ ಕಾಡಿನಲ್ಲಿ 50 ಗಜಕ್ಕೆ ತಿರುಗಿಸಿಟ್ಟೆ. ಮಧ್ಯಾಹ್ನ ಬಯಲಿಗೆ ಬಂದೆ, 250 ಗಜದಲ್ಲಿ ಜಿಂಕೆ ನಿಂತಿದೆ. ಗಡಿಬಿಡಿಯಲ್ಲಿ ತಿರುಪು ಮರೆತೆ. ಬಿಂಬ ಮಸುಕು, ತಪ್ಪು 80 ಮಿಲಿಮೀಟರ್‌ವರೆಗೆ. ದುಡ್ಡು ಕೊಟ್ಟು ತಂದ ಸೌಲಭ್ಯವೇ ಕೈಕೊಟ್ಟಿತು. ಮರೆಯುವುದಿಲ್ಲ ಅನ್ನಬೇಡ. ಕೊಂಕಣದಲ್ಲಿ ರೈಲು ಹಾದಿಯ ಸರ್ವೆ ಮಾಡುವಾಗ ಒಂದು ದಿನ ಮಳೆ ಬರುತ್ತದೆಂಬ ಅವಸರಕ್ಕೆ ನಾನು ಪ್ಯಾರಲಾಕ್ಸ್ ತೆಗೆಯದೆ ಸ್ಟಾಫ್, ಅಂದರೆ ಅಳತೆ ಕೋಲು, ಓದುತ್ತಾ ಹೋದೆ. ಸಂಜೆ ಲೆಕ್ಕ ಕೂಡಿಬರಲಿಲ್ಲ. ಮಾರನೇ ದಿನ ಅದೇ ಕೆಸರಿನಲ್ಲಿ ಎಲ್ಲಾ ಹೊಸದಾಗಿ. ಅದು ನನಗೆ ಹೊಟ್ಟೆಪಾಡಿನ ಕೆಲಸ, ದಿನಾ ಮಾಡುತ್ತಿದ್ದದ್ದು. ನೀನು ವರ್ಷಕ್ಕೆ ನಾಲ್ಕು ಸಲ ಕಾಡಿಗೆ ಹೋಗುವವನು.

ಹಾಗಾಗಿ ನಿನಗೆ ತಿರುಪಿಲ್ಲದ, 3ರಿಂದ 9 ಪಟ್ಟು ದೊಡ್ಡದು ಮಾಡುವ, 40 ಮಿಲಿಮೀಟರ್ ಗಾಜಿನದೇ ಸಾಕು. ಉಳಿದ ದುಡ್ಡನ್ನು ಒಳ್ಳೆ ಗಾಜಿಗೆ, ಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಗಟ್ಟಿ ಮೌಂಟಿಗೆ ಹಾಕು. ಮುಂದೆ .22ರಲ್ಲಿ ಮೊಲ ಹೊಡೆಯುವ ಹುಚ್ಚು ಹಿಡಿದರೆ ಮಾತು ಬೇರೆ. 15 ಗಜಕ್ಕೊಂದು, 70 ಗಜಕ್ಕೊಂದು, ಗುರಿಯೂ ಇಷ್ಟೇ ಇಷ್ಟು. ಅಲ್ಲಿ ತಿರುಪು ಬೇಕು. 12 ಪಟ್ಟಿಗಿಂತ ಮೇಲಿನ ಸ್ಕೋಪಿಗೂ ಬೇಕು. ಅಂಗಡಿಯವನ ಮಾತಿಗೆ ಮರುಳಾಗಿ ತಿರುಪಿನದೇ ತಂದೆಯೋ, ಕಾಡಿನಲ್ಲಿ ಅದನ್ನು 100ಕ್ಕೆ ಇಟ್ಟು ಸುಮ್ನೆ ಬಿಡು. ಇನ್ನೊಂದು, ಆ ತಿರುಪಿನ ಅಂಕಿಯನ್ನು ಪೂರ್ತಿ ನಂಬಬೇಡ. ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು, ಮುಟ್ಟದೆ, ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ ನೋಡು. ಗುರಿಯ ಮೇಲೆ ಕ್ರಾಸ್‌ಹೇರ್ ಓಡಾಡದೆ ನಿಂತರೆ ಸರಿ.

ಇದಕ್ಕೂ ಮೊದಲು ಕಣ್ಣಿನ ಕಡೆಯ ಗಾಜಿನ ಫೋಕಸ್ ಮಾಡಿಕೋ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಸೂರ್ಯನಿಲ್ಲದ ಕಡೆಯ ಬಿಳಿ ಆಕಾಶ ನೋಡಿ ಕ್ರಾಸ್‌ಹೇರ್ ಕಪ್ಪಾಗಿ ಚೂಪಾಗಿ ಕಾಣುವವರೆಗೆ ತಿರುಗಿಸು. ಒಂದೆರಡು ಸೆಕೆಂಡ್ ಮಾತ್ರ ನೋಡಬೇಕು. ಜಾಸ್ತಿ ಹೊತ್ತು ದಿಟ್ಟಿಸಿದರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ.

ಇಲ್ಲಿ ಕನ್ನಡ ಸಂಘದಲ್ಲಿ ಸಿಗುವ ಕೊಡಗಿನ ಸುಬೇದಾರರೊಬ್ಬರಿಗೆ ನಿನ್ನ ವಿಷಯ ಹೇಳಿದೆ. ನಿವೃತ್ತರಾದರೂ ಹುರುಪು ಹೋಗಿಲ್ಲ, ಊರುಗೋಲನ್ನೇ ಹೆಗಲಿಗೇರಿಸಿ ತೋರಿಸಿದರು. ಕಣ್ಣು ಮುಚ್ಚಿ ರೈಫಲ್ಲಿನ ಹೆಗಲಿಗಾನುವ ಹಿಡಿಗೆ ಕೆನ್ನೆ ಕೊಡಬೇಕಂತೆ, ಆಮೇಲೆ ಕಣ್ಣು ಬಿಡಬೇಕಂತೆ. ಬಿಂಬ ದುಂಡಗೆ ಪೂರ್ತಿ ಕಂಡರೆ ಕಣ್ಣು ನಡುವೆ ಇದೆ. ಒಂದು ಪಕ್ಕಕ್ಕೆ ಕಪ್ಪು ಚಂದ್ರ ಕಂಡರೆ ಕೆನ್ನೆ ತಪ್ಪಿದೆ. ಖಾಲಿ ರೈಫಲ್ಲಿನಲ್ಲಿ ಮನೆಯಲ್ಲೇ ದಿನಾ ಇಪ್ಪತ್ತು ಸಲ ಮಾಡು. ಕಣ್ಣು ನಡುವೆ ಇದ್ದರೆ ಪ್ಯಾರಲಾಕ್ಸ್ ಲೆಕ್ಕಕ್ಕೇ ಬರುವುದಿಲ್ಲ.

ಪೊದೆಯಲ್ಲಿ ಏನೋ ಅಲುಗಿತು ಅಂತ ಸ್ಕೋಪಿನಲ್ಲಿ ಹುಡುಕಬೇಡ. ಅಲ್ಲಿರುವುದು ನಿನ್ನಂಥವನೇ ಇನ್ನೊಬ್ಬ ಹುಡುಗನಾಗಿರಬಹುದು. ಹುಡುಕುವುದಕ್ಕೆ ಬೇರೆ ಬೈನಾಕ್ಯುಲರ್ ಇಟ್ಟುಕೋ.

ಯಾವುದು ತಗೊಂಡೆ ಅಂತ ಬರಿ. ಬೆಲೆ ಮಾತ್ರ ಅಮ್ಮನಿಗೆ ಅರ್ಧ ಮಾಡಿ ಹೇಳು.

ನಿನ್ನ ಮಾವ